ಹೊರುವವರ ಮಾತು, ಹೇರುವವರ ಮಾತು

ಕೆಲವು ವರ್ಷಗಳ ಹಿಂದೆ ನಾನು ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಪೈಪ್‌ಲೈನ್ ಕೆಲಸದಲ್ಲಿದ್ದೆ. ಗುತ್ತಿಗೆದಾರರ ಕಡೆಯ ಸೈಟ್ ಸೂಪರ್‌ವೈಸರ್. ಇಂಥ ಕೆಲಸಗಳಲ್ಲಿ ‘ಹಿಂಡ್ರನ್ಸ್ ರಿಜಿಸ್ಟರ್’ ಅಂತ ಒಂದು ದಪ್ಪ ಪುಸ್ತಕ ಇರುತ್ತದೆ. ಕೆಲಸ ನಿಂತರೆ ಯಾಕೆ ನಿಂತಿತು, ಯಾವತ್ತಿನಿಂದ ಯಾವತ್ತಿನವರೆಗೆ, ಒಟ್ಟು ಎಷ್ಟು ದಿನ ಹೋಯಿತು ಎಂದು ಅದರಲ್ಲಿ ಬರೆದು ಸಹಿ ಹಾಕಬೇಕು. ಕೊನೆಗೆ ಹೆಚ್ಚಿನ ಸಮಯ ಕೇಳಲಿಕ್ಕೆ, ದಂಡ ತಪ್ಪಿಸಿಕೊಳ್ಳಲಿಕ್ಕೆ ಆ ಪುಸ್ತಕವೇ ಸಾಕ್ಷಿ.

ಒಂದು ದಿನ ಬೆಳಿಗ್ಗೆ ಒಬ್ಬ ಮುದುಕರು ಬಂದು ಪೈಪಿನ ಮೇಲೆ ಕುಳಿತುಬಿಟ್ಟರು. ಅವರ ಹೊಲಕ್ಕೆ ಹೋಗುವ ಬಂಡಿದಾರಿಯ ಮೇಲೆ ನಮ್ಮ ಪೈಪುಗಳನ್ನು ಇಳಿಸಿದ್ದೆವು. ಮೂರು ದಿನ ಕೆಲಸ ನಿಂತಿತು. ನಾನು ರಿಜಿಸ್ಟರಿನಲ್ಲಿ ‘ಸ್ಥಳೀಯ ರೈತನಿಂದ ಅಡಚಣೆ, 3 ದಿನ’ ಎಂದು ಬರೆದೆ. ಏನು ಬರೆದದ್ದು ಎಂದು ಅವರು ಕೇಳಿದರು. ಓದಿ ಹೇಳಿದೆ.

“ಸಾಹೇಬ್ರ, ನಮ್ಮ ಮುತ್ಯಾನ ಕಾಲದಿಂದ ಈ ದಾರ್ಯಾಗ ನಮ್ಮ ಬಂಡಿ ಹೋಗತದ. ನಿಮ್ಮ ಪೈಪು ಮೊನ್ನಿ ಬಂದು ಅಡ್ಡ ಬಿದ್ದದ. ಈಗ ಅಡಚಣಿ ಯಾರು, ನಾನೋ ನೀವೋ?”

ನಾನು ನಕ್ಕೆ. “ಕಾಕಾ, ಅದು ಆಫೀಸಿನ ಭಾಷೆ” ಎಂದೆ. ಅವರು ನಗಲಿಲ್ಲ.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಸೊಲ್ಲಾಪುರದಲ್ಲಿದ್ದ ಅಷ್ಟೂ ಸಮಯ ಭಾರ, ತಡೆ, ಕಟ್ಟುಪಾಡು ಎಂಬ ಅರ್ಥದ ಮಾತುಗಳು ಎಲ್ಲಿ ಕೇಳಿದರೂ ಕಿವಿ ನೆಟ್ಟಗಾಗುತ್ತಿತ್ತು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಚಹಾದಂಗಡಿಯಲ್ಲಿ ಕೇಳುವ ಊರು ಅದು. ಅಲ್ಲಿ ಕೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ಖಾನೆ

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಭಾಷಾಶಾಸ್ತ್ರ ಅಲ್ಲ. ಯಂತ್ರದ ಪಾಠದಲ್ಲಿ ನಮಗೆ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಾರೆ. ಲೋಡ್ ಎಂದರೆ ಯಂತ್ರ ಹೊರಬೇಕಾದ ಭಾರ. ಫ್ರಿಕ್ಷನ್ ಎಂದರೆ ಚಲನೆಗೆ ಬರುವ ತಡೆ. ಗವರ್ನರ್ ಎಂದರೆ ವೇಗ ಮಿತಿ ಮೀರದಂತೆ ಹಿಡಿದಿಡುವ ಸಾಧನ. ಪರೀಕ್ಷೆಯಲ್ಲಿ ಮೂರನ್ನೂ ಒಂದೇ ಎಂದು ಬರೆದರೆ ಸೊನ್ನೆ. ನಮ್ಮ ಭಾಷೆಯ ಮಾತುಗಳನ್ನೂ ಹೀಗೆ ಮೂರು ಖಾನೆಯಲ್ಲಿ ಇಡಬಹುದು. ಹೊರೆ, ಹೇರು, ಭಾರ ಒಂದು ಕಡೆ. ಅಡ್ಡಿ, ತಡೆ, ಅಡಚಣೆ ಇನ್ನೊಂದು ಕಡೆ. ಕಟ್ಟು, ಬಂದಿ, ನಿರ್ಬಂಧ ಮತ್ತೊಂದು ಕಡೆ.

ಮೊದಲನೆಯ ಖಾನೆಯಲ್ಲೇ ನನಗೆ ಒಂದು ಪಾಠ ಸಿಕ್ಕಿತು. ‘ಹೊರೆ’ ಮತ್ತು ‘ಹೇರು’ ಒಂದೇ ಅರ್ಥ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅಲ್ಲ. ಹೊರುವುದು ಎಂದರೆ ಭಾರ ನನ್ನ ತಲೆಯ ಮೇಲಿದೆ. ಹೇರುವುದು ಎಂದರೆ ಅದನ್ನು ಎತ್ತಿನ ಮೇಲೋ ಬಂಡಿಯ ಮೇಲೋ ಇನ್ನೊಬ್ಬನ ಮೇಲೋ ಇಡುತ್ತಿದ್ದೇನೆ. ವಸ್ತು ಒಂದೇ, ತೂಕ ಒಂದೇ. ನಿಂತ ಜಾಗ ಬೇರೆ. ಅದಕ್ಕೇ ‘ಹಿಂದಿ ಹೇರಿಕೆ’ ಎನ್ನುತ್ತೇವೆ, ‘ಹಿಂದಿ ಹೊರಿಕೆ’ ಎನ್ನುವುದಿಲ್ಲ.

‘ಹೊರೆ’ಗೆ ಇನ್ನೊಂದು ಸೊಗಸು ಇದೆ. ಹಳಗನ್ನಡದಲ್ಲಿ ‘ಪೊಱೆ’ ಎಂದರೆ ಭಾರ, ‘ಪೊರೆ’ ಎಂದರೆ ಕಾಪಾಡು, ಸಾಕು. ಒಂದರಲ್ಲಿ ಶಕಟರೇಫ, ಇನ್ನೊಂದರಲ್ಲಿ ಸಾಮಾನ್ಯ ರಕಾರ. ಶಕಟರೇಫ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ಉಚ್ಚಾರಕ್ಕೆ ಬಂದವು. ನನ್ನ ಅಜ್ಜ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಬಟ್ಟೆಯ ಗಂಟು ಹೊತ್ತು ಮನೆ ಮನೆಗೆ ಮಾರುತ್ತಿದ್ದರಂತೆ. ‘ಬ್ಯಾರಿ’ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ‘ಬ್ಯಾರ’ದಿಂದ ಬಂದದ್ದು ಎಂದು ನಮ್ಮಲ್ಲಿ ಹೇಳುವುದಿದೆ, ಎಷ್ಟೋ ಮನೆಗಳಲ್ಲಿ ಆ ವ್ಯಾಪಾರ ಶುರುವಾದದ್ದು ತಲೆಹೊರೆಯಿಂದ. ಆ ಹೊರೆಯೇ ಮನೆಯವರನ್ನು ಪೊರೆದದ್ದು. ವ್ಯಾಕರಣದಲ್ಲಿ ಎರಡೂ ಬೇರೆ ಧಾತು ಇರಬಹುದು, ಅಜ್ಜನ ತಲೆಯಲ್ಲಿ ಎರಡೂ ಒಂದೇ ಆಗಿತ್ತು.

ಅಕ್ಕಲಕೋಟೆಯ ಕಡೆ ಭಾರ ಎನ್ನಲು ‘ವಜ್ಜಿ’ ಎನ್ನುತ್ತಾರೆ. “ಭಾಳ ವಜ್ಜಿ ಅದ” ಎಂದರೆ ತುಂಬಾ ಭಾರ ಇದೆ ಎಂದರ್ಥ. ಮರಾಠಿಯ ‘ಓಝೆ’ ಇದರ ನೆಂಟ. ಕಷ್ಟಕ್ಕೆ ಎರಡು ಭಾಷೆಯವರೂ ‘ತ್ರಾಸ’ ಎನ್ನುತ್ತಾರೆ. ಸಂಸ್ಕೃತದಲ್ಲಿ ತ್ರಾಸ ಎಂದರೆ ಹೆದರಿಕೆ. ಆದರೆ ಅಂಗಡಿಕಾರನ ಮಗನಿಗೆ ‘ತ್ರಾಸು’ ಎಂದರೆ ತಕ್ಕಡಿ. ಅದು ಪಾರ್ಸಿಯ ‘ತರಾಜೂ’ದಿಂದ ಬಂದದ್ದು. ಒಂದು ಮಾತು ಭಾರದ ನೋವು, ಇನ್ನೊಂದು ಭಾರದ ಅಳತೆ. ಬೇರೆ ಬೇರೆ ದಿಕ್ಕಿನಿಂದ ಬಂದು ಕನ್ನಡದಲ್ಲಿ ಅಕ್ಕಪಕ್ಕ ಕುಳಿತಿವೆ.

ಬಿಟ್ಟಿ, ಕಿರುಕುಳ ಮತ್ತು ಒಂದು ಕೆರೆ

ಸೊಲ್ಲಾಪುರ ಜಿಲ್ಲೆ ಕನ್ನಡ ಶಾಸನಗಳ ದೊಡ್ಡ ಕಣಜ. ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದ ಆನಂದ ಕುಂಭಾರ ಇವರಿಬ್ಬರು ಸೇರಿ ಈ ಜಿಲ್ಲೆಯ ಶಾಸನಗಳದ್ದೇ ಒಂದು ಸಂಪುಟ ತಂದಿದ್ದಾರೆ. ಭೀಮಾ ಮತ್ತು ಸೀನಾ ನದಿಗಳು ಕೂಡುವ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಕೂಡಲದಲ್ಲಿ 1018ರ ಮರಾಠಿ ಬರಹವೂ ಇದೆ, ಅದು ಆ ಭಾಷೆಯ ಅತಿ ಹಳೆಯ ಶಾಸನಗಳಲ್ಲಿ ಒಂದು. ಒಟ್ಟಿನಲ್ಲಿ ಇಲ್ಲಿ ಎರಡು ಭಾಷೆಗಳು ಸಾವಿರ ವರ್ಷದಿಂದ ನೆರೆಮನೆಯವರು.

ಕನ್ನಡ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ‘ಸರ್ವಬಾಧಾ ಪರಿಹಾರ’. ಬಾಧೆ ಎಂದರೆ ಇಲ್ಲಿ ಹೊಟ್ಟೆನೋವು ಅಲ್ಲ. ತೆರಿಗೆ, ಸುಂಕ, ಅಧಿಕಾರಿಗಳ ಉಪದ್ರ. ಪರಿಹಾರ ಎಂದರೆ ಅದನ್ನು ತೆಗೆದುಹಾಕುವುದು. ಜಮೀನನ್ನು ದಾನ ಕೊಡುವಾಗ ಇನ್ನು ಮುಂದೆ ಇದರ ಮೇಲೆ ಯಾವ ಹೊರೆಯೂ ಇಲ್ಲ ಎಂದು ಬರೆದುಕೊಡುತ್ತಿದ್ದರು. ತೆರಿಗೆಗೆ ‘ಬಾಧೆ’ ಎಂದು ಆಳುವವರೇ ಕಲ್ಲಿನಲ್ಲಿ ಕೆತ್ತಿಸಿದ್ದು ನೋಡಿದರೆ, ಈಗಿನ ನೋಟೀಸುಗಳಿಗಿಂತ ಆ ಕಾಲದವರು ಹೆಚ್ಚು ನೇರವಾಗಿದ್ದರು ಅನಿಸುತ್ತದೆ.

ಸುಂಕಗಳ ಸಾಲಿನಲ್ಲಿ ‘ಹೆಜ್ಜುಂಕ’ ಎಂದು ಬರುತ್ತದೆ, ಅಂದರೆ ಹಿರಿಯ ಸುಂಕ, ದೊಡ್ಡ ಸರಕಿನದ್ದು. ಅದರ ಜೊತೆಗೆ ‘ಕಿರುಕುಳ’ ಎಂದೂ ಬರುತ್ತದೆ, ಅದು ಸಣ್ಣಪುಟ್ಟ ಸರಕಿನ ಸಣ್ಣ ಸುಂಕ. ಈಗ ಕಿರುಕುಳ ಎಂದರೆ ಪೀಡನೆ. ಅರ್ಥ ಹೇಗೆ ಜಾರಿತು ಎಂದು ಅಂಗಡಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ದೊಡ್ಡ ಸುಂಕಕ್ಕೆ ಒಂದು ಲೆಕ್ಕ ಇರುತ್ತದೆ. ದಿನಾ ಬಂದು ಒಂದು ಹಿಡಿ ಮೆಣಸು, ಎರಡು ಕಾಸು ಕೇಳುವವನದ್ದೇ ನಿಜವಾದ ಕಾಟ.

ಇನ್ನೊಂದು ಮಾತು ‘ಬಿಟ್ಟಿ’. ಸಂಸ್ಕೃತದ ವಿಷ್ಟಿ ಇದರ ಮೂಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಆ ಮಾತು ಇದೆ. ಕೂಲಿ ಕೊಡದೆ ಪ್ರಜೆಗಳಿಂದ ಕಡ್ಡಾಯವಾಗಿ ಮಾಡಿಸಿಕೊಳ್ಳುವ ಕೆಲಸ ಎಂದರ್ಥ. ಮರಾಠಿಯಲ್ಲಿ ಇದೇ ‘ವೇಠ್’. ಅದಕ್ಕೆ ಪಾರ್ಸಿಯ ‘ಬೇಗಾರ್’ ಸೇರಿ ಅಲ್ಲಿ ‘ವೇಠಬಿಗಾರ್’, ಕನ್ನಡದಲ್ಲಿ ‘ಬಿಟ್ಟಿ ಬೇಗಾರಿ’. ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿರುವುದು ಇದನ್ನೇ. ಇಂಗ್ಲಿಷ್ ಪಠ್ಯದಲ್ಲೂ ‘ಬೇಗಾರ್’ ಎಂಬ ಮಾತೇ ಇದೆ. ಅದಕ್ಕೆ ಸರಿಸಾಟಿ ಇಂಗ್ಲಿಷ್ ಮಾತು ಸಾಲದೆ ಹೋಯಿತೋ ಏನೋ.

ಈಗ ಬಿಟ್ಟಿ ಎಂದರೆ ಏನು? ಪುಕ್ಕಟೆ. ‘ಬಿಟ್ಟಿ ಸಿಕ್ಕಿತು’ ಎನ್ನುತ್ತೇವೆ. ಕೂಲಿ ಸಿಗದೆ ದುಡಿದವನ ಮಾತು ಕೂಲಿ ಕೊಡದೆ ಪಡೆದವನ ಮಾತಾಯಿತು. ‘ಜೀತ’ದ ಕತೆ ಇದರ ತಿರುವುಮುರುವು. ಅದರ ಹಳೆಯ ಅರ್ಥ ಸಂಬಳ, ಜೀವನಕ್ಕೆ ಕೊಟ್ಟದ್ದು, ‘ಜೀವಿತ’ದಿಂದ ಬಂದದ್ದು. ಈಗ ಜೀತ ಎಂದರೆ ಸಂಬಳವಿಲ್ಲದ ದುಡಿತ. ಇಷ್ಟು ಸಾಕು, ಒಂದು ನಾಡಿನ ದುಡಿಮೆಯ ಚರಿತ್ರೆ ಈ ಎರಡು ಮಾತುಗಳಲ್ಲೇ ಇದೆ.

ಇದಕ್ಕೆಲ್ಲ ಎದುರಾಗಿ ಸೊಲ್ಲಾಪುರದ ನಡುವೆ ಒಂದು ಕೆರೆ ಇದೆ. 12ನೇ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಶಿವಯೋಗಿ ಸಿದ್ಧರಾಮರು ಜನರನ್ನು ಕಟ್ಟಿಕೊಂಡು ಕೆರೆ ತೋಡಿಸಿದರು. ಮಣ್ಣು ಹೊರುವ ಕೆಲಸ ಬಿಟ್ಟಿಯಲ್ಲೂ ಅದೇ, ಇಲ್ಲೂ ಅದೇ. ಆದರೆ ಇಲ್ಲಿ ಮನಸಾರೆ ಬಂದು ಹೊತ್ತರು ಎಂಬುದು ನೆನಪಿನಲ್ಲಿ ಉಳಿಯಿತು. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಬಂದು ಸಿದ್ಧರಾಮರನ್ನು ‘ಒಡ್ಡರಾಮ’ ಎಂದು ಹಂಗಿಸುತ್ತಾರೆ. ಕೆರೆ, ಗುಡಿ ಎಂದು ಕಟ್ಟುತ್ತಾ ಕೂರುವುದೂ ಒಂದು ಬಂಧನವೇ ಎಂಬುದು ಆ ಚುಚ್ಚುಮಾತಿನ ಒಳಗಿನ ಪ್ರಶ್ನೆ. ಕಟ್ಟುವುದು ಬೇರೆ, ಕಟ್ಟಿಬೀಳುವುದು ಬೇರೆಯೇ ಎಂದು ಎಂಟುನೂರು ವರ್ಷದ ಹಿಂದಿನ ಇಬ್ಬರು ಕೆರೆಯ ದಂಡೆಯಲ್ಲಿ ನಿಂತು ವಾದಿಸಿದ ಹಾಗೆ ನನಗೆ ಕಾಣುತ್ತದೆ.

ಸಂಕ್ರಾಂತಿಗೆ ಅಲ್ಲಿ ನಡೆಯುವ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ಇರುತ್ತದೆ. ಎತ್ತರದ, ಭಾರವಾದ ಕಂಬಗಳು. ಸಿದ್ಧರಾಮರು ಸ್ಥಾಪಿಸಿದರೆನ್ನುವ 68 ಲಿಂಗಗಳಿಗೆ ಅವುಗಳನ್ನು ಹೊತ್ತುಕೊಂಡೇ ಸುತ್ತು ಹಾಕುತ್ತಾರೆ. ಇಂಜಿನಿಯರಿಂಗ್ ಕಣ್ಣಿನಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಭಾರದ ಕೇಂದ್ರ ಅಷ್ಟು ಮೇಲಿರುವ ವಸ್ತುವನ್ನು ಒಬ್ಬ ಮನುಷ್ಯ ಹಿಡಿದು ನಡೆಯುವುದು ಸುಲಭ ಅಲ್ಲ. ಆದರೆ ಅದನ್ನು ಹೊರುವುದು ಅಲ್ಲಿ ಮಾನ. ಅಲ್ಲಿ ಯಾರೂ ಅದನ್ನು ಹೊರೆ ಎನ್ನುವುದನ್ನು ನಾನು ಕೇಳಲಿಲ್ಲ.

ಜಕಾತ್ ನಾಕಾ

ಸೊಲ್ಲಾಪುರಕ್ಕೆ ಹೋದ ಮೊದಲ ವಾರ ರಿಕ್ಷಾದವನು “ಜಕಾತ್ ನಾಕಾದಾಗ ಇಳೀತೀರೇನು?” ಎಂದು ಕೇಳಿದ್ದ. ನಾನು ತಬ್ಬಿಬ್ಬಾದೆ. ನಮ್ಮ ಮನೆಯಲ್ಲಿ ಝಕಾತ್ ಎಂದರೆ ರಮಝಾನ್ ತಿಂಗಳ ಮಾತು. ಬಾಪ ಅಂಗಡಿಯ ಬಾಗಿಲು ಅರ್ಧ ಎಳೆದು, ದಾಸ್ತಾನು, ಸಾಲ, ಕೈಯಲ್ಲಿದ್ದ ಹಣ ಎಲ್ಲ ಲೆಕ್ಕ ಹಾಕಿ ನೂರಕ್ಕೆ ಎರಡೂವರೆಯಂತೆ ಬೇರೆ ತೆಗೆದಿಡುತ್ತಿದ್ದರು. ಝಕಾತ್‌ಗೆ ಶುದ್ಧಿ, ಬೆಳವಣಿಗೆ ಎಂದೆಲ್ಲ ಅರ್ಥ. ಅದನ್ನು ವಸೂಲು ಮಾಡಲು ರಸ್ತೆಗೆ ಅಡ್ಡ ಕಂಬ ಹಾಕಿದ ನಾಕಾ ಯಾಕೆ?

ನಾಕಾ ಎಂದರೆ ಊರಿನೊಳಗೆ ಬರುವ ಸರಕಿಗೆ ಸುಂಕ ಕಟ್ಟಿಸಿಕೊಳ್ಳುವ ಕಟ್ಟೆ ಎಂದು ಆಮೇಲೆ ತಿಳಿಯಿತು. ಸುಲ್ತಾನರ ಕಾಲದಲ್ಲಿ ವ್ಯಾಪಾರಿಗಳ ಸರಕಿನ ಮೇಲಿನ ವಸೂಲಿಗೂ ಝಕಾತ್ ಎಂಬ ಹೆಸರೇ ನಡೆಯಿತು. ಹೆಸರು ಧರ್ಮದ್ದು, ಪೆಟ್ಟಿಗೆ ಸರ್ಕಾರದ್ದು. ಮರಾಠರ ಆಡಳಿತದಲ್ಲೂ ಅದೇ ಮಾತು ಮುಂದುವರಿದು ಮರಾಠಿಯಲ್ಲಿ ‘ಜಕಾತ್’, ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಜಕಾತಿ’ ಆಯಿತು. ಬ್ರಿಟಿಷರ ಮುನಿಸಿಪಾಲಿಟಿಗಳ ಆಕ್ಟ್ರಾಯ್‌ಗೂ ಜನ ಜಕಾತ್ ಎಂದೇ ಕರೆದರು. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ತೆಗೆಯಿತು. ಮಹಾರಾಷ್ಟ್ರದ ನಗರಗಳಲ್ಲಿ ಅದು ಹೋಗಲು ಇನ್ನೂ ಮೂರು ದಶಕ ಬೇಕಾಯಿತು. ಮುಂಬಯಿಯಲ್ಲಂತೂ 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆಯೇ ನಿಂತದ್ದು. ಕಟ್ಟೆಗಳು ಹೋದರೂ ಬಸ್‌ಸ್ಟಾಪುಗಳ ಹೆಸರು ಉಳಿದಿದೆ.

ಈ ಕತೆಯನ್ನು ಊರಿಗೆ ಬಂದು ಬಾಪನಿಗೆ ಹೇಳಿದೆ. ಅವರ ಅಂಗಡಿಗೆ ಸೊಲ್ಲಾಪುರದ ಚಾದರದ ಬೇಲುಗಳು ಲಾರಿಯಲ್ಲಿ ಬರುತ್ತಿದ್ದ ಕಾಲವಿತ್ತು. ಅವರು ಸ್ವಲ್ಪ ಯೋಚಿಸಿ ಹೇಳಿದ್ದು ಇಷ್ಟು: “ನಾನು ಎಣಿಸಿ ಕೊಟ್ಟರೆ ಝಕಾತ್. ಅವನು ಎಣಿಸಿ ತೆಗೆದರೆ ಜಕಾತಿ.”

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಮರಾಠಿಯ ‘ಖಂಡಣಿ’ ಇದೇ ಬಳಗದ ಇನ್ನೊಂದು ಮಾತು. ಚರಿತ್ರೆಯ ಪುಸ್ತಕದಲ್ಲಿ ಖಂಡಣಿ ಎಂದರೆ ಸೋತ ಅರಸು ಗೆದ್ದವನಿಗೆ ಕೊಡುವ ಕಪ್ಪ. ಇವತ್ತಿನ ಮರಾಠಿ ಪೇಪರಿನಲ್ಲಿ ಖಂಡಣಿ ಎಂದರೆ ರೌಡಿ ಹೆದರಿಸಿ ಕೀಳುವ ಹಣ. ಅಕ್ಕಲಕೋಟೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಮೇಲಿನವರಿಗೆ ಕುದುರೆ ಪಡೆ ಒದಗಿಸುವುದು ಅದರ ಬಾಧ್ಯತೆ. 1848ರಲ್ಲಿ ಸಾತಾರಾ ಬ್ರಿಟಿಷರ ಕೈಸೇರಿದ ಮೇಲೆ ಆ ಬಾಧ್ಯತೆ ಬ್ರಿಟಿಷರ ಕಡೆಗೆ ತಿರುಗಿತು. ಮುಂದೆ ಕುದುರೆಯ ಬದಲು ವರ್ಷವರ್ಷ ಹಣ. 1948ರಲ್ಲಿ ಸಂಸ್ಥಾನ ವಿಲೀನವಾಗಿ ಸೊಲ್ಲಾಪುರ ಜಿಲ್ಲೆಗೆ ಸೇರಿತು. ಕಪ್ಪ ಕೊಡುವ ಅರಸನೂ ಹೊರುವವನೇ. ಆದರೆ ಅವನು ಅದನ್ನು ತನ್ನ ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ, ಕೆಳಕ್ಕೆ ದಾಟಿಸುತ್ತಾನೆ. ಕೊನೆಗೆ ಅದು ಇಳಿಯುವುದು ಜೋಳದ ಹೊಲದಲ್ಲಿ.

‘ವತನ್’ ಕೇಳಿದರೆ ನಮಗೆ ದೇಶಪ್ರೇಮದ ಹಾಡು ನೆನಪಾಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ವತನ ಎಂದರೆ ವಂಶಪರಂಪರೆಯ ಹಕ್ಕು. ಪಾಟೀಲನಿಗೂ ಕುಲಕರ್ಣಿಗೂ ಅದು ಗತ್ತು. ಮಹಾರರಿಗೆ ಮಾತ್ರ ಅದೇ ಹೆಸರಿನಲ್ಲಿ ಸಿಕ್ಕಿದ್ದು ಒಂದು ತುಂಡು ನೆಲ ಮತ್ತು ಹಗಲುರಾತ್ರಿ ಎನ್ನದೆ ಸರ್ಕಾರಿ ಚಾಕರಿ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಇದನ್ನು ಬದಲಿಸಲು ಮಸೂದೆ ತಂದರು. ಆ ಪದ್ಧತಿ ಕಾನೂನಿನಲ್ಲಿ ಕೊನೆಯಾದದ್ದು 1958ರ ಕಾಯ್ದೆಯಿಂದ. ಒಂದೇ ಮಾತು ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಸರಪಳಿ.

ಬಂದಿ ಎಂಬ ಮಾತು

ಮೂರನೆಯ ಖಾನೆಗೆ ಬರೋಣ. ಕನ್ನಡದಲ್ಲಿ ಬಂದಿ ಎಂದರೆ ಸೆರೆಯಾಳು, ಬಂದೀಖಾನೆ ಎಂದರೆ ಜೈಲು. ಮರಾಠಿಯಲ್ಲಿ ಬಂದಿ ಎಂದರೆ ನಿಷೇಧ. ‘ದಾರೂಬಂದಿ’ ಎಂಬ ಬೋರ್ಡು ನೋಡಿ ನಾನು ಮೊದಲು ಹೆಂಡಕ್ಕೆ ಸೆರೆಸಿಕ್ಕವರು ಎಂದುಕೊಂಡಿದ್ದೆ, ಅದು ಪಾನನಿರೋಧ. ‘ಜಮಾವಬಂದಿ’ ಎಂದರೆ ಗುಂಪು ಸೇರಬಾರದು, ‘ಸಂಚಾರಬಂದಿ’ ಎಂದರೆ ಕರ್ಫ್ಯೂ. ಪಾರ್ಸಿಯ ‘ಬಂದ್’ ಮತ್ತು ಸಂಸ್ಕೃತದ ‘ಬಂಧ’ ಒಂದೇ ಬೇರಿನವು, ಎರಡಕ್ಕೂ ಕಟ್ಟುವುದು ಎಂದೇ ಅರ್ಥ. ‘ಬಂದೋಬಸ್ತ್’ ಎಂದರೆ ಕಟ್ಟಿ ಬಿಗಿದದ್ದು. ಕಂದಾಯ ಗೊತ್ತುಪಡಿಸುವುದಕ್ಕೂ ಪೊಲೀಸ್ ಕಾವಲಿಗೂ ಅದೇ ಮಾತು.

ಕಂದಾಯದ ಬಂದೋಬಸ್ತಿಗೆ ಇಂಗ್ಲಿಷರು ಕೊಟ್ಟ ಹೆಸರು ‘ಸೆಟ್ಲಮೆಂಟ್’. ಸೊಲ್ಲಾಪುರದಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಇದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳು ಎಂದು ಪಟ್ಟಿ ಮಾಡಿತು. 1911ರಲ್ಲಿ ಹೊಸ ಕಾಯ್ದೆ ಬಂದು ಮುಂಬಯಿ ಪ್ರಾಂತಕ್ಕೂ ಅದು ವಿಸ್ತರಿಸಿತು. ಸೊಲ್ಲಾಪುರದಲ್ಲಿ ಮುಳ್ಳುತಂತಿಯ ಬೇಲಿ ಹಾಕಿ ಕೈಕಾಡಿ, ಪಾರ್ಧಿ, ಕಂಜಾರಭಾಟ್ ಮೊದಲಾದವರನ್ನು ಒಳಗೆ ಕೂಡಿಸಿದರು. ಗಂಡಸರೂ ಹೆಂಗಸರೂ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗಬೇಕು, ಲೆಕ್ಕಕ್ಕೆ ಸರಿಯಾಗಿ ಮರಳಬೇಕು. ಹೊರಗೆ ಹೋಗಲು ಪಾಸು. ದಿನವೂ ಹಾಜರಿ.

‘ಹಾಜರಿ’ ನಮಗೆ ಶಾಲೆಯ ಮಾತು. ಹೆಸರು ಕರೆದಾಗ “ಹಾಜರ್ ಸಾರ್” ಎನ್ನುವುದರಲ್ಲಿ ಒಂದು ಖುಷಿ ಇತ್ತು. ತಂತಿಯೊಳಗಿನವರಿಗೆ ಹಾಜರಿ ತಪ್ಪಿದರೆ ಅದೇ ಒಂದು ಅಪರಾಧ. ಶಾಲೆಯ ಪುಸ್ತಕವೂ ಅಲ್ಲಿಯ ಪುಸ್ತಕವೂ ನೋಡಲು ಒಂದೇ ಥರ ಗೆರೆ ಎಳೆದಿದ್ದಿರಬೇಕು.

ಮುಂಬಯಿ ಪ್ರಾಂತ 1949ರಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿತು. ಇಡೀ ದೇಶದಲ್ಲಿ 1952ರ ಆಗಸ್ಟ್ 31ಕ್ಕೆ ಅದು ಹೋಯಿತು. ಅಂದಿನಿಂದ ಈ ಸಮುದಾಯಗಳು ‘ವಿಮುಕ್ತ’ರು. ಆದರೆ ಆ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ಮುಂಬಯಿಯದ್ದು 1959ರಲ್ಲಿ. ಸೊಲ್ಲಾಪುರದ ಆ ಬಡಾವಣೆಗಳ ಹೆಸರು ಈಗಲೂ ‘ಸೆಟ್ಲಮೆಂಟ್ ಫ್ರೀ ಕಾಲೊನಿ’. ನಂಬರು ಕೂಡ ಇದೆ. ಉಳಿದ ಯಾವ ಬಡಾವಣೆಯೂ ತಾನು ಸ್ವತಂತ್ರ ಎಂದು ವಿಳಾಸದಲ್ಲಿ ಬರೆದುಕೊಳ್ಳುವುದಿಲ್ಲ. ಬಿಡುಗಡೆಯನ್ನು ಹೆಸರಿನಲ್ಲಿ ಹೊತ್ತು ತಿರುಗಬೇಕಾದವರಿಗೆ ಹಳೆಯ ಕಟ್ಟು ಪೂರ್ತಿ ಬಿಚ್ಚಿಲ್ಲ ಎಂದೇ ಅರ್ಥ.

ತಂತಿಯ ಹೊರಗಿದ್ದ ಊರಿಗೂ ಒಮ್ಮೆ ಬೇಲಿ ಬಿತ್ತು. 1930ರ ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಮೇ 8ರಂದು ಸೊಲ್ಲಾಪುರದಲ್ಲಿ ಜನ ಬೀದಿಗಿಳಿದರು, ಗೋಲಿಬಾರ್ ಆಯಿತು, ಪೊಲೀಸ್ ಠಾಣೆಗೂ ಕೋರ್ಟಿಗೂ ಬೆಂಕಿ ಬಿತ್ತು. ಕೆಲವು ದಿನ ಊರಿನ ವ್ಯವಸ್ಥೆಯನ್ನು ಕಾಂಗ್ರೆಸ್ ಸ್ವಯಂಸೇವಕರೇ ನೋಡಿಕೊಂಡರು. ಮೇ 12ಕ್ಕೆ ‘ಮಾರ್ಷಲ್ ಲಾ’ ಬಂತು, ಜೂನ್ ಕೊನೆಯವರೆಗೂ ಇತ್ತು. ಗಾಂಧಿ ಟೋಪಿ ಹಾಕಿದವರನ್ನು ತಡೆದು ಟೋಪಿ ತೆಗೆಸುತ್ತಿದ್ದ ದಿನಗಳು ಅವು. ಇಬ್ಬರು ಪೊಲೀಸರ ಕೊಲೆಯ ಆರೋಪ ಹೊರಿಸಿ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಒಬ್ಬರು ಲಿಂಗಾಯತ, ಒಬ್ಬರು ಮಾರವಾಡಿ, ಒಬ್ಬರು ಮರಾಠ, ಒಬ್ಬರು ಮುಸ್ಲಿಂ. ನಾಲ್ವರ ಮೂರ್ತಿಗಳು ಊರಿನ ನಡುವೆ ಒಟ್ಟಿಗೇ ನಿಂತಿವೆ. ‘ಆರೋಪ ಹೊರಿಸು’ ಎಂದು ನಾವು ಎಷ್ಟು ಸಲೀಸಾಗಿ ಬರೆಯುತ್ತೇವೆ! ಅಲ್ಲೂ ಹೊರೆಯೇ.

ಗಡಿಯ ಅಡಚಣೆ

ಕೊನೆಗೆ ಮತ್ತೆ ಎರಡನೆಯ ಖಾನೆ, ತಡೆ. ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಮೈಂದರ್ಗಿ, ದುಧನಿಯಂಥ ಪೇಟೆಗಳಲ್ಲಿ ಕನ್ನಡವೇ ಮನೆಮಾತು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಇವು ಮುಂಬಯಿ ರಾಜ್ಯದಲ್ಲಿ ಉಳಿದವು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂದವು. 1966ರಲ್ಲಿ ನೇಮಿಸಿದ ಮಹಾಜನ ಆಯೋಗ 1967ರ ವರದಿಯಲ್ಲಿ ಅಕ್ಕಲಕೋಟೆ, ಜತ್ತ ಮೊದಲಾದ ಪ್ರದೇಶ ಕರ್ನಾಟಕಕ್ಕೆ, ನಿಪ್ಪಾಣಿ, ಖಾನಾಪುರ ಕಡೆಯದ್ದು ಮಹಾರಾಷ್ಟ್ರಕ್ಕೆ ಎಂದು ಹೇಳಿತು. ನಮ್ಮ ಪಕ್ಕದ ಕಾಸರಗೋಡು ಕರ್ನಾಟಕಕ್ಕೆ ಎಂದೂ ಅದೇ ವರದಿ ಹೇಳಿತ್ತು. ಏನೂ ಆಗಲಿಲ್ಲ. ಕಾಸರಗೋಡಿನ ನೆಂಟರ ಮನೆಗಳಲ್ಲಿ ಕೇಳಿದ ಮಾತುಗಳನ್ನೇ ನಾನು ದುಧನಿಯಲ್ಲಿ ಮತ್ತೆ ಕೇಳಿದೆ: ಮಕ್ಕಳನ್ನು ಕನ್ನಡ ಶಾಲೆಗೆ ಹಾಕಿದರೆ ಮುಂದೆ ಏನು, ಅರ್ಜಿ ಯಾವ ಭಾಷೆಯಲ್ಲಿ, ನೌಕರಿ ಯಾವ ಭಾಷೆಯಲ್ಲಿ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಹೆಂಗಸು. ಅಂಥವರು ಬಂದ ನೆಲದಲ್ಲಿ ಮನೆಮಾತು ಆಫೀಸಿನ ಬಾಗಿಲಲ್ಲಿ ‘ಅಡಚಣೆ’ ಆಗುತ್ತದೆ.

ಅಲ್ಲಿಯ ಎಲ್ಲರಿಗೂ ಗಡಿ ಬದಲಾಗಬೇಕು ಎಂದಿದೆ ಎಂದು ನಾನು ಹೇಳುವುದಿಲ್ಲ. 2022ರ ಕೊನೆಯಲ್ಲಿ ಆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತುಗಳು ಕರ್ನಾಟಕಕ್ಕೆ ಸೇರಿಸಿ ಎಂದು ನಿರ್ಣಯ ಮಾಡಿದವು. ಅವರು ಮುಂದಿಟ್ಟದ್ದು ಭಾಷೆಗಿಂತ ನೀರು, ರಸ್ತೆಯ ಕತೆ. ಆಮೇಲೆ ನೋಟೀಸು ಬಂತು, ನಿರ್ಣಯಗಳು ಹಿಂದೆ ಹೋದವು. ನೀರು ಕೇಳಿದವರು ಆಡಳಿತದ ಕಡತದಲ್ಲಿ ಅಡ್ಡಿಯಾದರು. ನೀರಿಲ್ಲದ್ದು ಯಾವ ಖಾನೆಯಲ್ಲಿ ಬರೆದಿದ್ದಾರೋ!

ಇದನ್ನು ಬರೆಯುವಾಗ ನನ್ನ ರಿಜಿಸ್ಟರು ನೆನಪಾಗದೆ ಇರುತ್ತದೆಯೇ? ಮೂರನೆಯ ದಿನ ಆ ಕಾಕಾರಿಗೆ ಒಂದಿಷ್ಟು ಹಣ ಕೊಟ್ಟು ಕೆಲಸ ಮುಂದುವರಿಸಿದೆವು. ವೋಚರಿನಲ್ಲಿ ‘ಪರಿಹಾರ’ ಎಂದು ನಾನೇ ಬರೆದೆ. ಶಾಸನದ ಕಾಲದಲ್ಲಿ ಪರಿಹಾರ ಎಂದರೆ ಹೊರೆಯನ್ನು ಇಳಿಸುವುದು ಎಂದು ಆಗ ನನಗೆ ಗೊತ್ತಿರಲಿಲ್ಲ. ಪೈಪು ಇನ್ನೂ ಹದಿನೈದು ದಿನ ಅಲ್ಲೇ ಇತ್ತು, ಅವರ ಬಂಡಿ ಸುತ್ತು ಬಳಸಿ ಹೋಗುತ್ತಿತ್ತು. ಆ ಹದಿನೈದು ದಿನ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ.

ಈಗ ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದೇನೆ, ಅಂಥದ್ದೇ ರಿಜಿಸ್ಟರು ಇಲ್ಲೂ ಇದೆ. ಕಂಪೆನಿಯ ನಮೂನೆ ಬದಲಿಸುವ ಅಧಿಕಾರ ನನಗಿಲ್ಲ. ಒಂದು ಅಭ್ಯಾಸ ಮಾತ್ರ ಮಾಡಿಕೊಂಡಿದ್ದೇನೆ. ‘ಅಡಚಣೆ’ಯ ಖಾನೆಯಲ್ಲಿ ಯಾರದ್ದಾದರೂ ಹೆಸರು ಬರೆಯುವ ಮೊದಲು, ಅವರ ಬಳಿ ಇಂಥದ್ದೊಂದು ಪುಸ್ತಕ ಇದ್ದಿದ್ದರೆ ಅದರಲ್ಲಿ ನಮ್ಮ ಬಗ್ಗೆ ಏನು ಬರೆಯುತ್ತಿದ್ದರು ಎಂದು ಒಮ್ಮೆ ಹೋಗಿ ಕೇಳುತ್ತೇನೆ. ಅದನ್ನು ಷರಾ ಎಂಬ ಕೊನೆಯ ಅಂಕಣದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತೇನೆ. ಇಲ್ಲಿಯವರೆಗೆ ಯಾರೂ ಅದನ್ನು ಹೊಡೆದುಹಾಕಿಲ್ಲ.